ಧಮನಿ ಎಂಬ ಶಬ್ದವೂ ವಾರ್ಧಕ್ಯದ ರಕ್ತಸಂಚಾರವೂ

ಪಾರಿಭಾಷಿಕ ಶಬ್ದದ ವ್ಯುತ್ಪತ್ತಿಯನ್ನು ವಿಚಾರಿಸಿದರೆ ವಸ್ತುವಿನ ಸ್ವರೂಪವೂ ಎಷ್ಟೋ ವೇಳೆ ಸ್ಪಷ್ಟವಾಗುವುದುಂಟು. ಧಮನಿ ಎಂಬುದು ಅಂತಹ ಶಬ್ದ. ಚರಕಸಂಹಿತೆಯ ಸೂತ್ರಸ್ಥಾನದ 30ನೆಯ ಅಧ್ಯಾಯದಲ್ಲಿ, ಊದಿಕೊಳ್ಳುವುದರಿಂದ ಧಮನಿ, ಸ್ರವಿಸುವುದರಿಂದ ಸ್ರೋತಸ್ಸು, ಸರಿಯುವುದರಿಂದ ಸಿರೆ ಎಂದು ನಿರ್ವಚನ ಮಾಡಿದೆ. ಧ್ಮಾ ಧಾತುವಿಗೆ ಊದುವುದೆಂದು ಅರ್ಥ. ಕಮ್ಮಾರನು ತಿದಿಯೊತ್ತುವುದಕ್ಕೂ ಈ ಧಾತುವೇ ಸಲ್ಲುತ್ತದೆ. ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನು ಇಲ್ಲಿ ಊದುವಿಕೆಯೆಂದರೆ ತುಂಬಿಕೊಳ್ಳುವಿಕೆಯೆಂದು ವಿವರಿಸಿರುವನು. ರಕ್ತವು ಚಕ್ರಾಕಾರವಾಗಿ ಸಂಚರಿಸುವುದೆಂದು ವಿಲಿಯಂ ಹಾರ್ವೆಯು 1628ರಲ್ಲಿ ಪ್ರತಿಪಾದಿಸಿದನು; ಚರಕನು ಅದನ್ನು ಮೊದಲೇ ಬಲ್ಲವನಾಗಿದ್ದನೆಂದು ಸಾಧಿಸಹೊರಡುವುದು ಸಾಹಸವಾದೀತು. ಆದರೆ ತುಂಬಿ ಉಬ್ಬುವುದು ಧಮನಿಯ ಲಕ್ಷಣವೆಂಬ ಮಾತು ಸತ್ಯ. ಮುಪ್ಪಿನಲ್ಲಿ ಕುಂದುವುದೂ ಆ ಲಕ್ಷಣವೇ. ಇದನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಹೃದಯವು ರಕ್ತವನ್ನು ಎಡೆಬಿಡದೆ ನೂಕುವುದಿಲ್ಲ. ಸಂಕೋಚಗೊಂಡಾಗ ನೂಕಿ, ವಿಕಾಸಗೊಂಡಾಗ ಸುಮ್ಮನಿರುತ್ತದೆ. ಹೀಗಿದ್ದರೂ ಅಂಗಾಂಗಗಳಿಗೆ ರಕ್ತವು ನಿರಂತರವಾಗಿ ಒದಗುತ್ತಿದೆ. ಇದು ಹೇಗೆಂಬುದಕ್ಕೆ ಬೆಂಗಳೂರಿನ ಕೆರೆಯೇ ದೃಷ್ಟಾಂತ. 1809ರಲ್ಲಿ ದಂಡು ನೆಲೆಯೂರುವುದಕ್ಕೆ ಮುಂಚಿನದಾದ ಹಲಸೂರು ಕೆರೆಯಂತಹ ಕೆರೆಗಳನ್ನು ಹಿರಿಯರು ಕಟ್ಟಿಸಿದ್ದೇಕೆ? ಮಳೆಯು ಬಿಟ್ಟುಬಿಟ್ಟು ಸುರಿಯುವುದು. ನೀರು ಮಾತ್ರ ದಿನವೂ ಬೇಕು. ಸುರಿದುದನ್ನು ಹಿಡಿದಿಟ್ಟು ತೂಬಿನಿಂದ ಮೆಲ್ಲನೆ ಬಿಡುವುದು ಕೆರೆಯ ಕಾರ್ಯ. ಹೃದಯದಿಂದ ಹೊರಡುವ ಮಹಾಧಮನಿಯ ಕಾರ್ಯವೂ ಇದೇ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು ರಕ್ತವು ಅದರೊಳಗೆ ನುಗ್ಗುತ್ತದೆ. ಗೋಡೆಯು ಉಬ್ಬಿ, ಅದರಲ್ಲಿ ಹೆಚ್ಚುಕಡಮೆ ಅರ್ಧವನ್ನು ತಡೆದಿಟ್ಟುಕೊಂಡು, ಹೃದಯವು ವಿಶ್ರಮಿಸುವಾಗ ಕುಗ್ಗಿ ಮುಂದಕ್ಕೆ ದೂಡುತ್ತದೆ. ಸ್ಟೀಫನ್ ಹೇಲ್ಸನು 1733ರಲ್ಲಿ ಇದನ್ನು ಬೆಂಕಿಯಾರಿಸುವ ಯಂತ್ರದ ಗಾಳಿಗೂಡಿಗೆ ಹೋಲಿಸಿದನು. 1899ರಲ್ಲಿ ಆಟೋ ಫ್ರಾಂಕನು ಗಣಿತರೂಪಕ್ಕೆ ತಂದನು.

ಈ ಉಬ್ಬುವಿಕೆಗೆ ಕಾರಣವಾದುದು ಗೋಡೆಯಲ್ಲಿರುವ ಎಲಾಸ್ಟಿನ್ ಎಂಬ ತಂತು. ದೇಹವು ಇದನ್ನು ಗರ್ಭದಲ್ಲಿಯೂ ಬಾಲ್ಯದಲ್ಲಿಯೂ ನೆಯ್ದಿಡುತ್ತದೆ. ಆಮೇಲೆ ಹೊಸದಾಗಿ ನೆಯ್ಯುವುದು ಅತ್ಯಲ್ಪ. ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ ಒಂದು ಲಕ್ಷ, 60 ವರ್ಷಗಳಲ್ಲಿ 200 ಕೋಟಿಗೂ ಮೀರುತ್ತದೆ. ಅಷ್ಟು ಸಲ ಹಿಗ್ಗಿ ಕುಗ್ಗಿದ ತಂತುಗಳು ಸವೆದು ಹರಿಯುತ್ತವೆ. ಆಗ ಭಾರವು ಕೊಲಾಜೆನ್ ಎಂಬ, ಹಿಗ್ಗಲರಿಯದ ತಂತುವಿನ ಮೇಲೆ ಬೀಳುತ್ತದೆ. ಗೋಡೆಯಲ್ಲಿ ಸುಣ್ಣದ ಅಂಶವೂ ಸೇರುತ್ತದೆ. ಹೀಗೆ ಧಮನಿಯು ಪೆಡಸಾಗುವುದು. ಜಿಡ್ಡು ಕಟ್ಟಿ ದಾರಿ ಕಿರಿದಾಗುವ ರೋಗವು ಬೇರೆ. ಪೆಡಸಾದ ಮಹಾಧಮನಿಯ ಒಳಹರವು ಹಿರಿದೂ ಆಗಬಹುದು.

ಹೂಳು ತುಂಬಿದ ಕೆರೆಯು ಮಳೆಯಲ್ಲಿ ಬೇಗನೆ ಕೋಡಿ ಬಿದ್ದು ಬೇಸಗೆಯಲ್ಲಿ ಬತ್ತುವಂತೆ, ಪೆಡಸಾದ ಧಮನಿಯಲ್ಲಿ ಸಂಕೋಚಕಾಲದ ಒತ್ತಡವು ಏರಿ, ವಿಕಾಸಕಾಲದ ಒತ್ತಡವು ಇಳಿಯುತ್ತದೆ. ಮೊದಲನೆಯದು ವಯಸ್ಸಿನೊಡನೆ ಏರುತ್ತಲೇ ಹೋಗುವುದು; ಎರಡನೆಯದು ಸುಮಾರು 50 ವರ್ಷದವರೆಗೆ ಏರಿ, ಬಳಿಕ ಇಳಿಯುವುದು. ಯೌವನದಲ್ಲಿ 120/80 ಇದ್ದುದು ಮುಪ್ಪಿನಲ್ಲಿ 160/70 ಆಗುವುದು ಹೀಗೆ. ಈ ಅಂತರವು ಎರಡು ಕಡೆಯಿಂದ ಕೇಡು ತರುತ್ತದೆ. ಏರಿದ ಒತ್ತಡಕ್ಕೆದುರಾಗಿ ದುಡಿದು ಹೃದಯದ ಮಾಂಸವು ದಪ್ಪವಾಗುತ್ತದೆ. ಮೆದುಳು, ಮೂತ್ರಪಿಂಡಗಳ ಸೂಕ್ಷ್ಮನಾಳಗಳಿಗೆ ಪೆಟ್ಟು ತಗಲುತ್ತದೆ. ಹೃದಯವು ತನ್ನ ಪೋಷಣೆಯ ರಕ್ತವನ್ನು ಮುಖ್ಯವಾಗಿ ವಿಕಾಸಕಾಲದಲ್ಲಿಯೇ ಪಡೆಯುವುದರಿಂದ, ಇಳಿದ ಒತ್ತಡವು ಅದಕ್ಕೆ ಕೊರತೆಯನ್ನುಂಟುಮಾಡಬಹುದು.

ಶಾರ್ಙ್ಗಧರಸಂಹಿತೆಯು ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸಗಳ ನಡಿಗೆಗೆ ಹೋಲಿಸಿರುವುದನ್ನು ವಾಚಕರು ಬಲ್ಲರು. ನಾಡಿ ಹಿಡಿದವನ ಬೆರಳು ಅರಿಯುವುದು ರಕ್ತದ ಓಟವನ್ನಲ್ಲ, ಗೋಡೆಯ ಮೇಲೆ ಹಾಯುವ ತರಂಗವನ್ನು. ಮಹಾಧಮನಿಯಲ್ಲಿ ರಕ್ತವು ಸೆಕೆಂಡಿಗೆ ಸರಾಸರಿ 20 ಸೆಂಟಿಮೀಟರಿನಷ್ಟು ಸಾಗಿದರೆ, ತರಂಗವು ಯುವಕರಲ್ಲಿ 5–6 ಮೀಟರು, ವೃದ್ಧರಲ್ಲಿ 10 ಮೀಟರನ್ನೂ ಮೀರಿ ಓಡುತ್ತದೆ. ಆದಕಾರಣ ಮುದುಕರ ಕೈಯಲ್ಲಿ ಬಿರುಸಾಗಿ ಪುಟಿಯುವ ನಾಡಿಯನ್ನು ಕಂಡು ಬಲವೆಂದು ಹಿಗ್ಗುವುದು ತಪ್ಪು. ಅದು ಅನೇಕ ವೇಳೆ ಪೆಡಸಿನ ಗುರುತು.

ವಯಸ್ಸಿಗೆ ನೂರು ಕೂಡಿಸಿದರೆ ಬರುವ ಒತ್ತಡವು ಸಹಜವೆಂಬ ಹಳೆಯ ಲೆಕ್ಕವೊಂದುಂಟು. ಅದನ್ನು ನಂಬಿ ಕುಳಿತವರಿಗೆ ಹಾನಿಯೇ ಸರಿ. ಸಂಕೋಚದ ಒತ್ತಡ ಮಾತ್ರ ಏರಿದ್ದ, 60 ದಾಟಿದವರಿಗೆ ಔಷಧಿ ಕೊಟ್ಟು ಪರೀಕ್ಷಿಸಿದಾಗ ಪಾರ್ಶ್ವವಾಯುವು ನೂರಕ್ಕೆ 36ರಷ್ಟು ಕಡಮೆಯಾಯಿತೆಂದು 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಉಪ್ಪು, ಹೊಗೆಸೊಪ್ಪು, ಮಧುಮೇಹಗಳು ಪೆಡಸನ್ನು ಬೇಗ ತರುತ್ತವೆ. ನಿತ್ಯದ ನಡಿಗೆಯು ನಿಧಾನಗೊಳಿಸುತ್ತದೆ. ಮುಪ್ಪನ್ನು ತಡೆಯಲಾಗದು, ಅದರ ವೇಗವು ಮಾತ್ರ ಸ್ವಲ್ಪಮಟ್ಟಿಗೆ ನಮ್ಮ ವಶದಲ್ಲಿದೆ.

ಕಡೆಯದಾಗಿ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಪಠ್ಯಪುಸ್ತಕಗಳಲ್ಲಿ ಅಪಧಮನಿ, ಅಭಿಧಮನಿ ಎಂಬ ಜೋಡಿಯು ರೂಢಿಗೆ ಬಂದಿದೆ. ಹೃದಯಕ್ಕೆ ಮರಳುವ ನಾಳವು ಬಡಿತಕ್ಕೆ ತಕ್ಕಂತೆ ಹೀಗೆ ಉಬ್ಬುವುದಲ್ಲ, ಮೆಲ್ಲನೆ ಸರಿಯುವುದು. ಅದಕ್ಕೆ ಧಮನಿಯ ಹೆಸರು ಸಲ್ಲದು. ಧಮನಿ, ಸಿರೆ ಎಂದಷ್ಟೇ ಹೇಳಿದರೆ ಅರ್ಥವೂ ಉಳಿಯುವುದು, ವಿದ್ಯಾರ್ಥಿಗೆ ಕಾರ್ಯವೂ ತಿಳಿಯುವುದು.