ಆಟ ಕಟ್ಟಿದವರು ಒಬ್ಬರು, ಹೆಸರಿನ ಒಡೆಯರು ಮತ್ತೊಬ್ಬರು

ದಾವಣಗೆರೆ: ಕಂಪ್ಯೂಟರ್ ಪರದೆಯ ಮೇಲೆ ಸಾಮ್ರಾಜ್ಯ ಕಟ್ಟಿಸುವ ಜನಪ್ರಿಯ ಆಟ 'ಏಜ್ ಆಫ್ ಎಂಪೈರ್ಸ್'. ಅದರ ಎರಡನೇ ಭಾಗಕ್ಕೆ 2022ರ ಏಪ್ರಿಲ್ 28ರಂದು 'ಡೈನಾಸ್ಟೀಸ್ ಆಫ್ ಇಂಡಿಯಾ' ಎಂಬ ವಿಸ್ತರಣೆ ಸೇರಿತು. ಅದರಲ್ಲಿ ಬರುವ 'ದ್ರಾವಿಡರು' ಎಂಬ ಬಣದ ಆಟಗಾರನಿಗೆ 'ವೂಟ್ಜ್ ಸ್ಟೀಲ್' ಎಂಬ ವಿದ್ಯೆ ದೊರೆಯುತ್ತದೆ. ಅದನ್ನು ಗಳಿಸಿದ ಸೇನೆಯ ಕತ್ತಿಯೇಟನ್ನು ಶತ್ರುವಿನ ಕವಚ ತಡೆಯಲಾರದು. ಈ 'ವೂಟ್ಜ್' ಎಂಬ ಶಬ್ದ ಕನ್ನಡ, ತೆಲುಗುಗಳ 'ಉಕ್ಕು' ಎಂಬುದು ಇಂಗ್ಲಿಷರ ಬಾಯಲ್ಲಿ ರೂಪ ಕೆಟ್ಟು ಹುಟ್ಟಿದ್ದು ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಫ್ರಾನ್ಸಿಸ್ ಬುಕಾನನ್ 1800-01ರ ತನ್ನ ಪ್ರವಾಸದಲ್ಲಿ ಮೈಸೂರು ಸೀಮೆಯ ಉಕ್ಕು ತಯಾರಿಕೆಯನ್ನು ದಾಖಲಿಸಿದ್ದಾನೆ.

ಹೀಗೆ ನಮ್ಮ ಉಕ್ಕು ಜಗತ್ತಿನ ಆಟವೊಂದರೊಳಗೆ ಸೇರಿದೆ. ಆದರೆ ಆಟದ ಆ ಬಣದ ಸೈನಿಕರು ಆಡುವ ಭಾಷೆ ತಮಿಳು. ಅವರ ಕಥಾನಾಯಕ ರಾಜೇಂದ್ರ ಚೋಳ. ಬಾದಾಮಿಯ ಚಾಲುಕ್ಯರಿಗಾಗಲಿ ಹೊಯ್ಸಳರಿಗಾಗಲಿ ಈ ವಿಸ್ತರಣೆಯಲ್ಲಿ ಪ್ರತ್ಯೇಕ ಬಣವಿಲ್ಲ. ಇದಕ್ಕೆ ಯಾರನ್ನು ದೂರಬೇಕು ಎಂದು ಹೊರಟರೆ ಸ್ವಾರಸ್ಯಕರ ಸಂಗತಿಯೊಂದು ಎದುರಾಗುತ್ತದೆ. ಈ ಆಟವನ್ನು ಮೊದಲು ಸೃಷ್ಟಿಸಿದ ಸಂಸ್ಥೆ ಅಷ್ಟರಲ್ಲಾಗಲೇ ಬಾಗಿಲು ಮುಚ್ಚಿ 13 ವರ್ಷಗಳಾಗಿದ್ದವು.

ಡಲ್ಲಾಸ್‌ನಲ್ಲಿ ಆರಂಭ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ 1995ರಲ್ಲಿ ಟೋನಿ ಗುಡ್‌ಮನ್ ಮತ್ತು ಸಂಗಡಿಗರು 'ಎನ್‌ಸೆಂಬಲ್ ಸ್ಟುಡಿಯೋಸ್' ಸ್ಥಾಪಿಸಿದರು. ಸಿಡ್ ಮೇಯರ್ ಜತೆಗೂಡಿ 1991ರ 'ಸಿವಿಲೈಸೇಷನ್' ಆಟವನ್ನು ರೂಪಿಸಿದ್ದ ಬ್ರೂಸ್ ಶೆಲ್ಲಿ ಈ ತಂಡ ಸೇರಿದರು. ಪ್ರಕಾಶನದ ಹೊಣೆ ಮೈಕ್ರೋಸಾಫ್ಟ್ ಸಂಸ್ಥೆಯದಾಯಿತು. 1997ರ ಅಕ್ಟೋಬರ್‌ನಲ್ಲಿ ಮೊದಲ ಆಟ ಹೊರಬಂತು.

ಆಟದ ಕ್ರಮ ಸರಳ. ಕೈಯಲ್ಲಿರುವುದು ಕೆಲವೇ ಹಳ್ಳಿಗರು. ಅವರಿಂದ ಮರ ಕಡಿಸಬೇಕು, ಬೇಟೆಯಾಡಿಸಬೇಕು, ಬೇಸಾಯ ಮಾಡಿಸಬೇಕು, ಚಿನ್ನ ಮತ್ತು ಕಲ್ಲು ಅಗೆಸಬೇಕು. ಗಳಿಕೆಯನ್ನು ಮನೆ ಕಟ್ಟಲು ಬಳಸುವುದೋ ಸೈನ್ಯ ಕಟ್ಟಲೋ ಎಂಬ ನಿರ್ಧಾರ ಆಟಗಾರನದು. ಅತ್ತ ಎದುರಾಳಿಯೂ ಅದೇ ಹೊತ್ತಿನಲ್ಲಿ ಅದೇ ಕೆಲಸದಲ್ಲಿ ತೊಡಗಿರುತ್ತಾನೆ. ಚದುರಂಗದಂತೆ ಸರದಿ ಕಾಯುವ ಪದ್ಧತಿ ಇಲ್ಲಿಲ್ಲ. 1999ರಲ್ಲಿ ಬಂದ ಎರಡನೇ ಭಾಗ 'ದಿ ಏಜ್ ಆಫ್ ಕಿಂಗ್ಸ್' ಈ ಮಾದರಿಯನ್ನು ಪಕ್ವಗೊಳಿಸಿತು. ನಮ್ಮ ನಗರಗಳ ಸೈಬರ್ ಕೆಫೆಗಳಲ್ಲೂ ಕಾಲೇಜು ಹಾಸ್ಟೆಲುಗಳಲ್ಲೂ ಒಂದು ಪೀಳಿಗೆಯ ಹುಡುಗರು ನಿದ್ದೆಗೆಟ್ಟು ಆಡಿದ್ದು ಇದನ್ನೇ. ಅವರ ಪೈಕಿ ಎಷ್ಟು ಮಂದಿಯ ಬಳಿ ಅಸಲಿ ಸಿ.ಡಿ. ಇತ್ತು ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತದಿರುವುದೇ ಲೇಸು.

ಮೈಕ್ರೋಸಾಫ್ಟ್ 2001ರಲ್ಲಿ ಎನ್‌ಸೆಂಬಲ್ ಸಂಸ್ಥೆಯನ್ನೇ ಕೊಂಡುಕೊಂಡಿತು. 2002ರಲ್ಲಿ 'ಏಜ್ ಆಫ್ ಮಿಥಾಲಜಿ', 2005ರಲ್ಲಿ ಮೂರನೇ ಭಾಗ ಬಂದವು. ಬಳಿಕ 2008ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಕೈಯಲ್ಲಿದ್ದ 'ಹ್ಯಾಲೊ ವಾರ್ಸ್' ಆಟವನ್ನು ಪೂರ್ಣಗೊಳಿಸಿದ ನೌಕರರು 2009ರ ಜನವರಿಯಲ್ಲಿ ಚದುರಿಹೋದರು.

ಗುಡ್‌ಮನ್ ಆ ಬಳಿಕ 'ರೋಬಾಟ್ ಎಂಟರ್‌ಟೈನ್‌ಮೆಂಟ್' ಎಂಬ ಹೊಸ ಸಂಸ್ಥೆ ಕಟ್ಟಿದರು. ಆದರೆ 'ಏಜ್ ಆಫ್ ಎಂಪೈರ್ಸ್' ಎಂಬ ಹೆಸರನ್ನು ಜತೆಗೆ ಒಯ್ಯುವಂತಿರಲಿಲ್ಲ. ಹೆಸರು, ಸಂಕೇತ, ಚಿತ್ರ, ಸಂಗೀತ ಎಲ್ಲವೂ ಮೈಕ್ರೋಸಾಫ್ಟ್‌ನ ಸ್ವತ್ತು. 2011ರ 'ಏಜ್ ಆಫ್ ಎಂಪೈರ್ಸ್ ಆನ್‌ಲೈನ್' ಆಟದ ಕೆಲಸವನ್ನು ಗುಡ್‌ಮನ್ ಅವರ ಹೊಸ ಸಂಸ್ಥೆಯೇ ಆರಂಭಿಸಿತಾದರೂ, ಅದು ಗುತ್ತಿಗೆಯ ಲೆಕ್ಕದಲ್ಲಿ. ನಂತರ ಆ ಕೆಲಸ ಮತ್ತೊಂದು ಸಂಸ್ಥೆಯ ಕೈಗೆ ಹೋಯಿತು; 2014ರಲ್ಲಿ ಆ ಆಟವೇ ನಿಂತಿತು. ತಾವು ಹುಟ್ಟಿಸಿದ ಕೂಸಿಗೆ ಗುತ್ತಿಗೆದಾರರಾಗಿ ಆರೈಕೆ ಮಾಡಬೇಕಾಗಿ ಬಂದದ್ದು ಈ ಉದ್ಯಮದಲ್ಲಿ ಅಪರೂಪದ ಸಂಗತಿಯೇನಲ್ಲ.

ಅಭಿಮಾನಿಗಳ ಪ್ರವೇಶ

ಇದೇ ಹೊತ್ತಿನಲ್ಲಿ ಹಳೆಯ ಎರಡನೇ ಭಾಗವನ್ನು ಬಿಡದೆ ಆಡುತ್ತಿದ್ದ ಅಭಿಮಾನಿಗಳ ತಂಡವೊಂದು ತನ್ನ ಬಿಡುವಿನ ವೇಳೆಯಲ್ಲಿ ಹೊಸ ಬಣಗಳನ್ನು ರೂಪಿಸಿ 2012ರಲ್ಲಿ 'ಫರ್ಗಾಟನ್ ಎಂಪೈರ್ಸ್' ಎಂಬ ಹೆಸರಿನಲ್ಲಿ ಉಚಿತವಾಗಿ ಹಂಚಿತು. ಅನುಮತಿಯಿಲ್ಲದ ಈ ಕೆಲಸವನ್ನು ಮೈಕ್ರೋಸಾಫ್ಟ್ ತಡೆಯಬಹುದಿತ್ತು. ತಡೆಯುವ ಬದಲು ತಂಡವನ್ನೇ ಒಳಗೆ ಕರೆದುಕೊಂಡಿತು. 2013ರಲ್ಲಿ ಆ ಕೆಲಸ 'ದಿ ಫರ್ಗಾಟನ್' ಎಂಬ ಅಧಿಕೃತ ವಿಸ್ತರಣೆಯಾಯಿತು. ಎರಡನೇ ಭಾಗಕ್ಕೆ ಭಾರತೀಯರ ಬಣ ಮೊದಲು ಬಂದದ್ದೂ ಅದರಲ್ಲಿಯೇ. ಇಡೀ ಉಪಖಂಡ ಒಂದೇ ಬಣವಾಗಿದ್ದ ಆ ಏರ್ಪಾಡನ್ನು ಒಡೆದು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕು ಮಾಡಿದ್ದು 2022ರ ವಿಸ್ತರಣೆ. ಉಕ್ಕು ಆಟದೊಳಗೆ ಬಂದದ್ದು ಈ ದಾರಿಯಲ್ಲಿ.

ಮೈಕ್ರೋಸಾಫ್ಟ್ 2019ರಲ್ಲಿ 'ವರ್ಲ್ಡ್ಸ್ ಎಡ್ಜ್' ಎಂಬ ವಿಭಾಗವನ್ನು ಸ್ಥಾಪಿಸಿತು. ಹೊರಗಿನ ಸಂಸ್ಥೆಗಳಿಂದ ಈ ಸರಣಿಯ ಕೆಲಸ ಮಾಡಿಸುವುದು, ಉಸ್ತುವಾರಿ ನೋಡುವುದು ಅದರ ಮುಖ್ಯ ಹೊಣೆ. 2021ರ ಅಕ್ಟೋಬರ್ 28ರಂದು ಬಂದ ನಾಲ್ಕನೇ ಭಾಗವನ್ನು ಕೆನಡಾದ ವ್ಯಾಂಕೂವರ್‌ನ 'ರೆಲಿಕ್ ಎಂಟರ್‌ಟೈನ್‌ಮೆಂಟ್' ತಯಾರಿಸಿತು. ಆಗ ರೆಲಿಕ್ ಇದ್ದದ್ದು ಜಪಾನಿನ ಸೆಗಾ ಕಂಪನಿಯ ಒಡೆತನದಲ್ಲಿ. ಡಲ್ಲಾಸ್‌ನಲ್ಲಿ ಹುಟ್ಟಿದ ಆಟವನ್ನು ಜಪಾನಿ ಒಡೆತನದ ಕೆನಡಾ ಸಂಸ್ಥೆ ಮುಂದುವರಿಸಿದರೂ ಕೊಳ್ಳುವವನಿಗೆ ಅದರ ಪರಿವೆಯಿಲ್ಲ. ಪೆಟ್ಟಿಗೆಯ ಮೇಲಿನ ಹೆಸರು ಅದೇ ಇತ್ತು.

ಬೆಂಗಳೂರಿನ ಧ್ರುವ

ಇನ್ನು ಕರ್ನಾಟಕದ ವಿಷಯ. ಎನ್‌ಸೆಂಬಲ್ ತನ್ನ ಮೊದಲ ಆಟವನ್ನು ಹೊರತಂದ 1997ರಲ್ಲಿಯೇ ಬೆಂಗಳೂರಿನಲ್ಲಿ ರಾಜೇಶ್ ರಾವ್ 'ಧ್ರುವ ಇಂಟರಾಕ್ಟಿವ್' ಸ್ಥಾಪಿಸಿದರು. ಭಾರತದ ವಿಡಿಯೋ ಆಟ ನಿರ್ಮಾಣ ಸಂಸ್ಥೆಗಳ ಪೈಕಿ ಇದು ಅತ್ಯಂತ ಹಳೆಯದೆಂದೇ ಪ್ರಸಿದ್ಧ. ಆರಂಭದ ದಿನಗಳಲ್ಲಿ ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಗಾಗಿ 'ಮಿಷನ್ ಇಂಪಾಸಿಬಲ್' ಆಟದ ಕೆಲಸ ದೊರೆಯಿತು. ಥಾಮಸ್ ಫ್ರೀಡ್‌ಮನ್ 2005ರ ತಮ್ಮ 'ದಿ ವರ್ಲ್ಡ್ ಈಸ್ ಫ್ಲಾಟ್' ಪುಸ್ತಕದಲ್ಲಿ ರಾವ್ ಅವರ ಸಾಹಸವನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಚಾರ್ಲಿ ಚಾಪ್ಲಿನ್ ರೂಪವನ್ನು ಮೊಬೈಲ್ ಆಟಗಳಲ್ಲಿ ಬಳಸುವ ಹಕ್ಕನ್ನು ಬೆಂಗಳೂರಿನ ಈ ಸಣ್ಣ ಸಂಸ್ಥೆ ಪಡೆದದ್ದು ಆ ಪುಸ್ತಕದ ಓದುಗರಿಗೆ ಅಚ್ಚರಿ ತಂದಿತ್ತು.

ಆದರೆ ಧ್ರುವದ ನಿತ್ಯದ ಅನ್ನ ಹೊರಗುತ್ತಿಗೆಯದು. ಆಧುನಿಕ ಆಟವೊಂದರಲ್ಲಿ ಕಾರು, ಮರ, ಗೋಡೆ, ಕತ್ತಿ, ಅಂಗಿಯ ಮಡಿಕೆ ಎಲ್ಲವನ್ನೂ ಒಂದೊಂದಾಗಿ ಮೂರು ಆಯಾಮಗಳಲ್ಲಿ ಕಡೆದು ಬಣ್ಣ ಹಚ್ಚಬೇಕು. ಇದಕ್ಕೆ ನೂರಾರು ಕಲಾವಿದರು ಬೇಕು. 'ಫೋರ್ಜಾ', 'ಸೀ ಆಫ್ ಥೀವ್ಸ್' ಮೊದಲಾದ ಆಟಗಳಿಗೆ ಧ್ರುವದ ಕಲಾವಿದರು ದುಡಿದರು. ಈ ಎರಡೂ ಮೈಕ್ರೋಸಾಫ್ಟ್‌ನ ಆಟಗಳೇ. ಇಂಥ ಕೆಲಸದಲ್ಲಿ ಸಂಬಳ ತಪ್ಪುವುದಿಲ್ಲ, ಕೌಶಲವೂ ಬೆಳೆಯುತ್ತದೆ. ಆದರೆ ಆಟ ಕೋಟಿ ಪ್ರತಿ ಮಾರಾಟವಾದರೂ ಗುತ್ತಿಗೆ ಪಡೆದ ಸಂಸ್ಥೆಗೆ ಸಿಗುವುದು ಒಪ್ಪಿಕೊಂಡ ಕೂಲಿ ಮಾತ್ರ. ಬಟ್ಟೆ ನೇಯ್ದವರಿಗೂ ಅದರ ಮೇಲೆ ಮುದ್ರೆ ಒತ್ತಿದವರಿಗೂ ಸಿಗುವ ಲಾಭ ಒಂದೇ ಅಲ್ಲ ಎಂಬುದನ್ನು ಹತ್ತಿಗಿರಣಿಗಳ ಊರಾಗಿದ್ದ ದಾವಣಗೆರೆಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ 2016ರ ಕೊನೆಯಲ್ಲಿ ಧ್ರುವದ ಶೇ 90ಕ್ಕೂ ಹೆಚ್ಚು ಪಾಲನ್ನು ಕೊಳ್ಳುವುದಾಗಿ ಪ್ರಕಟಿಸಿತು. ಎರಡೇ ವರ್ಷದಲ್ಲಿ ಸ್ಟಾರ್‌ಬ್ರೀಜ್ ಹೊರತಂದ 'ದಿ ವಾಕಿಂಗ್ ಡೆಡ್' ಆಟ ನೆಲಕಚ್ಚಿ, 2018ರ ಡಿಸೆಂಬರ್‌ನಲ್ಲಿ ಕಂಪನಿ ನ್ಯಾಯಾಲಯದ ಮುಂದೆ ಸಾಲ ಪುನಾರಚನೆಗೆ ಅರ್ಜಿ ಹಾಕಬೇಕಾಯಿತು. ಹಣ ಹೊಂದಿಸಲು ಅದು 2019ರ ಮೇ ತಿಂಗಳಲ್ಲಿ ಧ್ರುವವನ್ನು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಿತು. ಸ್ಟಾಕ್‌ಹೋಮಿನಲ್ಲಿ ಸೋತ ಆಟಕ್ಕೆ ಬೆಂಗಳೂರಿನ ಸಂಸ್ಥೆ ಬೆಲೆ ತೆತ್ತಂತಾಯಿತು. ರಾಕ್‌ಸ್ಟಾರ್ 2016ರಿಂದಲೇ ಬೆಂಗಳೂರಿನಲ್ಲಿ ಕಚೇರಿ ಹೊಂದಿತ್ತು. ಧ್ರುವದ ನೌಕರರು ಅದರೊಳಗೆ ಸೇರಿಹೋದರು. ಎನ್‌ಸೆಂಬಲ್ ಸಿಬ್ಬಂದಿಯಂತೆ ಅವರು ಬೀದಿಗೆ ಬೀಳಲಿಲ್ಲ ಎಂಬುದು ಸಮಾಧಾನದ ಸಂಗತಿ. ವ್ಯತ್ಯಾಸವಿರುವುದು ಬೇರೆಡೆ. ಎನ್‌ಸೆಂಬಲ್ ಅಳಿದ ಮೇಲೂ ಅದು ಹುಟ್ಟುಹಾಕಿದ ಸರಣಿ ಉಳಿದು ಇತರರಿಗೆ ಕೆಲಸ ಕೊಟ್ಟಿತು. 22 ವರ್ಷ ದುಡಿದ ಧ್ರುವ ತನ್ನದೆನ್ನುವ ಅಂಥ ದೀರ್ಘಾಯುಷಿ ಸರಣಿಯೊಂದನ್ನು ಬಿಟ್ಟುಹೋಗಲಿಲ್ಲ.

ಇದು ಧ್ರುವದ ಕೊರತೆ ಎನ್ನುವುದು ಅನ್ಯಾಯವಾದೀತು. ಸ್ವಂತ ಆಟಕ್ಕೆ ಎರಡು ಮೂರು ವರ್ಷ ಆದಾಯವಿಲ್ಲದೆ ಬಂಡವಾಳ ಹೂಡಬೇಕು. ಎನ್‌ಸೆಂಬಲ್ ಬೆನ್ನಿಗೆ ಮೈಕ್ರೋಸಾಫ್ಟ್ ಇತ್ತು. 1997ರ ಬೆಂಗಳೂರಿನಲ್ಲಿ ಆಟಕ್ಕೆ ಸಾಲ ಕೊಡುವ ಬ್ಯಾಂಕ್ ಯಾವುದಿತ್ತು?

ಕರ್ನಾಟಕ ಸರ್ಕಾರ 2012ರಲ್ಲಿ ದೇಶದಲ್ಲೇ ಮೊದಲಿಗೆ ಅನಿಮೇಷನ್, ದೃಶ್ಯ ಪರಿಣಾಮ, ಆಟ ಮತ್ತು ಕಾಮಿಕ್ಸ್ ಉದ್ಯಮಕ್ಕೆ ಪ್ರತ್ಯೇಕ ನೀತಿ ರೂಪಿಸಿತು. 2024ರಿಂದ 2029ರವರೆಗಿನ ಹೊಸ ನೀತಿಯೂ ಪ್ರಕಟವಾಗಿದೆ. ಲೋಕಿಕೆರೆಯಂಥ ಹಳ್ಳಿಯಿಂದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯಕ್ಕೆ ಬಂದು ರೇಖೆ, ಬಣ್ಣ ಕಲಿಯುವ ವಿದ್ಯಾರ್ಥಿಗೆ ಈ ಉದ್ಯಮದಲ್ಲಿ ಅವಕಾಶವಿದೆ. ಆತ ಕೆಲಸಕ್ಕೆ ಸೇರುವಾಗ ಸಹಿ ಹಾಕುವ ಒಪ್ಪಂದದಲ್ಲಿ, ದುಡಿಮೆಯ ಅವಧಿಯಲ್ಲಿ ಬರೆದ ಪ್ರತಿಯೊಂದು ಚಿತ್ರದ ಹಕ್ಕೂ ಸಂಸ್ಥೆಯದೇ, ಸಂಸ್ಥೆಯ ಮೂಲಕ ಗುತ್ತಿಗೆ ಕೊಟ್ಟ ಕಂಪನಿಯದೇ ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಡಲ್ಲಾಸ್‌ನ ಗುಡ್‌ಮನ್ ತಮ್ಮ ಆಟದ ಹೆಸರನ್ನು ಹೊಸ ಸಂಸ್ಥೆಗೆ ಒಯ್ಯದಂತೆ ಕಟ್ಟಿಹಾಕಿದ್ದು ಇಂಥದೇ ಹಕ್ಕು.