ಹಕ್ಕಿಗಳಿಗೂ ಬೇಕು ಒಂದು ಕಡತ

ಜನಗಣತಿಗೂ ಜಾನುವಾರು ಗಣತಿಗೂ ಸರ್ಕಾರವೇ ಸಿಬ್ಬಂದಿಯನ್ನು ನಿಯೋಜಿಸುತ್ತದೆ. ಜನವರಿಯ ಚಳಿಯಲ್ಲಿ ಕೆರೆ ಏರಿಯ ಮೇಲೆ ನಿಂತು ನೀರುಹಕ್ಕಿಗಳನ್ನು ಎಣಿಸುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಭಾರತ ಉಪಖಂಡದಲ್ಲಿ 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿ ಬಹುಮಟ್ಟಿಗೆ ಇಂಥವರ ಶ್ರಮದಿಂದಲೇ ಮುಂದುವರಿದಿದೆ.

ಉತ್ತರದ ಜಲಾಶಯಗಳು ಹೆಪ್ಪುಗಟ್ಟಿದಾಗ ವಲಸೆ ಹಕ್ಕಿಗಳು ನಮ್ಮ ಕೆರೆಗಳಲ್ಲಿ ಗುಂಪುಗೂಡುತ್ತವೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ತಂಗುವುದು ಈ ಋತುವಿನಲ್ಲಿಯೇ. ಎಣಿಕೆಗೆ ಇದೇ ಸಕಾಲ.

ವಿಧಾನ ಸರಳ, ಆದರೆ ಶಿಸ್ತು ಬೇಕು. ಹಿಂಡು ದೊಡ್ಡದಾಗಿದ್ದರೆ ಹತ್ತು ಹಕ್ಕಿಗಳು ಆವರಿಸುವ ಜಾಗವನ್ನು ಅಳತೆಯಾಗಿ ಇಟ್ಟುಕೊಂಡು ಉಳಿದವನ್ನು ಅಂದಾಜಿಸಬೇಕು. ಗುರುತು ಖಚಿತವಾಗದ ಹಕ್ಕಿಯ ಹೆಸರನ್ನು ಊಹಿಸಿ ಬರೆಯಬಾರದು. ಕೆರೆಯಲ್ಲಿ ಒಂದೂ ಹಕ್ಕಿ ಇಲ್ಲದಿದ್ದರೆ ಅದನ್ನೂ ದಾಖಲಿಸಬೇಕು.

ಒಂದು ವರ್ಷದ ಅಂಕಿಯಿಂದ ತಿಳಿಯುವುದು ಅಲ್ಪ. ಮಳೆ ಚೆನ್ನಾದ ವರ್ಷ ಹಕ್ಕಿಗಳು ಹಲವು ಕೆರೆಗಳಿಗೆ ಚದುರುತ್ತವೆ. ಒಂದೇ ಕೆರೆಯನ್ನು ನೋಡಿದವರಿಗೆ ಸಂಖ್ಯೆ ಕುಸಿದಂತೆ ತೋರುತ್ತದೆ. ಬೆಲೆ ಸೂಚ್ಯಂಕದಂತೆಯೇ ಇಲ್ಲಿಯೂ ದೀರ್ಘಕಾಲದ ಸರಣಿಗೆ ಮೌಲ್ಯ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯು ಸುಮಾರು 30,000 ಪಕ್ಷಿವೀಕ್ಷಕರ ದಾಖಲೆಗಳನ್ನು ಆಧರಿಸಿ, ಪರಿಶೀಲಿಸಿದ 942 ಪ್ರಭೇದಗಳ ಪೈಕಿ 178ಕ್ಕೆ ಸಂರಕ್ಷಣೆಯಲ್ಲಿ ಹೆಚ್ಚಿನ ಆದ್ಯತೆ ಬೇಕೆಂದು ಗುರುತಿಸಿತು.

ಈ ಅಂಕಿಗಳಿಗೆ ಆಡಳಿತಾತ್ಮಕ ತೂಕವೂ ಉಂಟು. ಜೌಗುಭೂಮಿಗಳ ರಕ್ಷಣೆಗಾಗಿರುವ ರಾಮ್ಸರ್ ಒಪ್ಪಂದದ ಮಾನದಂಡಗಳಲ್ಲಿ ಒಂದು, ಅಲ್ಲಿ ನಿಯಮಿತವಾಗಿ 20,000 ನೀರುಹಕ್ಕಿಗಳು ಇರಬೇಕೆಂಬುದು. ಇನ್ನೊಂದು, ಯಾವುದಾದರೂ ಒಂದು ಪ್ರಭೇದದ ಸಮುದಾಯದ ಶೇ 1ರಷ್ಟು ಹಕ್ಕಿಗಳಿಗೆ ಅದು ಆಸರೆಯಾಗಿರಬೇಕೆಂಬುದು. ಎಣಿಸದೆ ಇವನ್ನು ಸಾಧಿಸಿ ತೋರಿಸುವುದು ಸಾಧ್ಯವಿಲ್ಲ. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

ಚಿಂತೆಯಿರುವುದು ಹೆಸರಿಲ್ಲದ ಕೆರೆಗಳ ಬಗ್ಗೆ. ದುರ್ಬೀನು ಹಿಡಿದವರು ಪ್ರಸಿದ್ಧ ತಾಣಗಳಿಗೆ ಧಾವಿಸುತ್ತಾರೆ. ಬಡಾವಣೆಯ ಪಕ್ಕದ ಕೆರೆಗೆ ಯಾರೂ ಇಲ್ಲ. ಅಭಿವೃದ್ಧಿಯ ಹೆಸರಿನಲ್ಲಿ ಅದರ ಅಂಚಿನ ತೆಳುನೀರನ್ನು ಅಗೆದು ಆಳ ಮಾಡಿ, ಸುತ್ತ ಕಲ್ಲು ಕಟ್ಟಿದರೆ, ಕೆಸರಿನಲ್ಲಿ ಮೇಯುವ ಉಲ್ಲಂಕಿಗಳಿಗೆ ನೆಲೆ ತಪ್ಪುತ್ತದೆ. ಆಗ ಆಕ್ಷೇಪಿಸುವವರಿಗೆ ಎದುರಾಗುವ ಮೊದಲ ಪ್ರಶ್ನೆ: ಇಲ್ಲಿ ಹಕ್ಕಿಗಳಿದ್ದುದಕ್ಕೆ ದಾಖಲೆ ಎಲ್ಲಿದೆ?

ಪ್ರತಿ ಬಡಾವಣೆಯಲ್ಲಿ ನಾಲ್ವರು ತಮ್ಮ ಕೆರೆಯನ್ನು ವಹಿಸಿಕೊಂಡು ಪ್ರತಿ ಜನವರಿಯ ಒಂದು ಮುಂಜಾನೆಯನ್ನು ಇದಕ್ಕೆ ಮೀಸಲಿಡಲಿ. ಕಾಮಗಾರಿಯ ನೀಲನಕ್ಷೆ ಸಿದ್ಧವಾಗುವ ಮೊದಲೇ ಆ ಕಡತ ತಯಾರಿರಬೇಕು.