ಯಂತ್ರಕ್ಕೆ ವ್ಯಾಕರಣ ಹೇಳುವ ಸಭೆಗಳು

“ನನಗೆ ಹಸಿವಾಗಿದೆ” ಎನ್ನುವುದು ಸರಿ. “ನಾನು ಹಸಿವಾಗಿದೆ” ಎನ್ನುವುದು ತಪ್ಪು. ಇದನ್ನು ನಮಗೆ ಯಾವ ಪಂಡಿತರೂ ಕಲಿಸಲಿಲ್ಲ. ಅಕ್ಷರ ಬಾರದ ಅಜ್ಜಿಯೂ ತಪ್ಪು ಕಿವಿಗೆ ಬಿದ್ದೊಡನೆ ನಕ್ಕು ತಿದ್ದುತ್ತಾಳೆ. ಏಕೆ ತಪ್ಪು ಎಂದು ಕೇಳಿದರೆ ಮಾತ್ರ, “ಹಾಗೆ ಯಾರು ಅಂತಾರೆ?” ಎಂಬುದಷ್ಟೇ ಅವಳ ಉತ್ತರ. ಮನುಷ್ಯರಿಗೆ ಇಷ್ಟು ಸಾಕು, ಯಂತ್ರಕ್ಕೆ ಸಾಲದು. ಅದನ್ನು ತೊಟ್ಟಿಲಲ್ಲಿ ತೂಗಿ ಮಾತು ಕಲಿಸಿದವರು ಯಾರೂ ಇಲ್ಲವಷ್ಟೆ.

ಅಜ್ಜಿಯ ಕಿವಿ ಬಲ್ಲ ನಿಯಮವನ್ನು, ಆ ಭಾಷೆಯನ್ನೇ ಅರಿಯದವರೂ ಅನುಸರಿಸುವಷ್ಟು ಸ್ಪಷ್ಟವಾಗಿ ಬರೆದಿಡುವ ಶಾಸ್ತ್ರಕ್ಕೆ ವಿದ್ವಾಂಸರು ಫಾರ್ಮಲ್ ಗ್ರಾಮರ್ ಎನ್ನುತ್ತಾರೆ. ನಾವು ಸೂತ್ರವ್ಯಾಕರಣ ಎನ್ನೋಣ. ಗಣಕಯಂತ್ರದಿಂದ ನುಡಿಯ ಕೆಲಸ ಮಾಡಿಸುವ ಶಾಸ್ತ್ರ ಗಣಕ ಭಾಷಾಶಾಸ್ತ್ರ. ಇವೆರಡನ್ನೂ ಕುರಿತು ದೇಶದೇಶಗಳಲ್ಲಿ ವಿದ್ವತ್ಸಭೆಗಳು ಕೂಡುತ್ತಲೇ ಇರುತ್ತವೆ. ಪರಸ್ಥಳದಲ್ಲಿ ಸಂಸಾರ ಹೂಡಿರುವ ಕನ್ನಡಿಗರಾದ ನಮಗೆ ಅವುಗಳಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಆಗಬೇಕಾದುದು ಉಂಟು, ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಸೂತ್ರದಲ್ಲಿ ಭಾಷೆಯನ್ನು ಹಿಡಿಯುವ ಯತ್ನ ನಮ್ಮ ನಾಡಿಗೆ ಹೊಸದಲ್ಲ. ಪಾಣಿನಿ ಸುಮಾರು 4000 ಸೂತ್ರಗಳಲ್ಲಿ ಸಂಸ್ಕೃತವನ್ನು ಹಿಡಿದಿಟ್ಟ. ನಮ್ಮ ಭಟ್ಟಾಕಳಂಕ ದೇವ 1604ರಲ್ಲಿ 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡಕ್ಕೆ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ. 1959ರಲ್ಲಿ ಪ್ಯಾರಿಸ್ಸಿನಲ್ಲಿ ಯುನೆಸ್ಕೋ ಆಶ್ರಯದಲ್ಲಿ ನಡೆದ ಸಮ್ಮೇಳನದಲ್ಲಿ ಜಾನ್ ಬ್ಯಾಕಸ್ ಎಂಬವರು, ಗಣಕಯಂತ್ರಕ್ಕೆ ಆಜ್ಞೆ ಕೊಡುವ ಭಾಷೆಗಳ ವ್ಯಾಕರಣವನ್ನು ಬರೆಯಲು ಒಂದು ಕ್ರಮವನ್ನು ಮಂಡಿಸಿದರು. ಅಂಥ ಕ್ರಮ ಪಾಣಿನಿಯಲ್ಲಿಯೇ ಉಂಟು, ಇದಕ್ಕೆ ಪಾಣಿನಿಯ ಹೆಸರನ್ನೂ ಸೇರಿಸುವುದು ನ್ಯಾಯ ಎಂದು 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬ ಪಾಶ್ಚಾತ್ಯ ವಿದ್ವಾಂಸರೇ ಬರೆದರು.

ಇನ್ನು ಸಭೆಗಳ ಕಥೆ. ಯಂತ್ರಾನುವಾದವನ್ನು ಕುರಿತ ಮೊದಲ ಸಮ್ಮೇಳನ 1952ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸೇರಿತು. 1954ರ ಜನವರಿ 7ರಂದು ನ್ಯೂಯಾರ್ಕಿನಲ್ಲಿ ಒಂದು ಯಂತ್ರ ಅರುವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿತು. ಅದಕ್ಕೆ ಗೊತ್ತಿದ್ದದ್ದು 250 ಪದ, 6 ನಿಯಮ. ಇನ್ನು ಕೆಲವೇ ವರ್ಷಗಳಲ್ಲಿ ಅನುವಾದದ ತೊಡಕೆಲ್ಲ ತೀರಿತೆಂದು ಜನ ಹಿಗ್ಗಿದರು. 1956ರ ಸೆಪ್ಟೆಂಬರಿನಲ್ಲಿ ಎಂ.ಐ.ಟಿ.ಯಲ್ಲಿಯೇ ನಡೆದ ಮತ್ತೊಂದು ಗೋಷ್ಠಿಯಲ್ಲಿ ತರುಣ ನೋಮ್ ಚಾಮ್‌ಸ್ಕಿ ವ್ಯಾಕರಣಗಳನ್ನು ಅವುಗಳ ಶಕ್ತಿಗೆ ತಕ್ಕಂತೆ ವಿಂಗಡಿಸಿ, ತೀರ ಸರಳವಾದ ವ್ಯಾಕರಣ ಮನುಷ್ಯರ ಮಾತಿಗೆ ಸಾಲದೆಂದು ವಾದಿಸಿದರು. 1962ರಲ್ಲಿ ಈ ವಿದ್ವಾಂಸರ ಸಂಘ ಹುಟ್ಟಿತು. 1965ರಲ್ಲಿ ನ್ಯೂಯಾರ್ಕಿನಲ್ಲಿ ಕೋಲಿಂಗ್ ಎಂಬ ಅಂತರರಾಷ್ಟ್ರೀಯ ಸಮ್ಮೇಳನ ಆರಂಭವಾಯಿತು. ಮರುವರ್ಷವೇ ಅಮೆರಿಕ ಸರಕಾರದ ಸಮಿತಿಯೊಂದು, ಯಂತ್ರದ ಅನುವಾದ ಮನುಷ್ಯರದಕ್ಕಿಂತ ನಿಧಾನ, ದುಬಾರಿ ಮತ್ತು ತಪ್ಪುಗಳಿಂದ ತುಂಬಿದ್ದು ಎಂದು ವರದಿಯಿತ್ತಿತು. ಹಣದ ನೆರವು ಕುಗ್ಗಿತು. ಸಭೆಗಳು ಮಾತ್ರ ನಿಲ್ಲಲಿಲ್ಲ.

ಸೂತ್ರವ್ಯಾಕರಣಕ್ಕೇ ಮೀಸಲಾದ ಸಮ್ಮೇಳನ 1995ರಲ್ಲಿ ಬಾರ್ಸಿಲೋನಾದಲ್ಲಿ, ಯುರೋಪಿನ ತರ್ಕ-ಭಾಷಾ ಬೇಸಗೆ ಶಾಲೆಯ ಜೊತೆಯಲ್ಲಿ ಮೊದಲಾಯಿತು. ಇಂಥ ಸಭೆಗಳ ನಡಾವಳಿ ಸರಳ. ತಿಂಗಳುಗಳ ಮೊದಲೇ ಪ್ರಬಂಧ ಕಳುಹಿಸಬೇಕು. ಸಾಮಾನ್ಯವಾಗಿ ಬರೆದವರ ಹೆಸರು ಮರೆಮಾಡಿ ಇಬ್ಬರೋ ಮೂವರೋ ಪರೀಕ್ಷಕರು ಓದುತ್ತಾರೆ. ಒಪ್ಪಿಗೆಯಾದರೆ ಅರ್ಧ ಗಂಟೆಯೊಳಗೆ ಮಾತು ಮುಗಿಸಿ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ತಪ್ಪು ವಾಕ್ಯದ ಮುಂದೆ ಚುಕ್ಕೆಯಂಥ ಒಂದು ನಕ್ಷತ್ರಚಿಹ್ನೆ ಇಡುವುದು ಅವರ ವಾಡಿಕೆ. ಎಷ್ಟೇ ಘನವಾದ ಸಿದ್ಧಾಂತವಾದರೂ ಒಂದು ವಾಕ್ಯದ ಮುಂದೆ ಆ ನಕ್ಷತ್ರ ಇರಬೇಕೋ ಬೇಡವೋ ಎಂಬುದರ ಮೇಲೆ ಉಳಿಯುವುದೂ ಉಂಟು, ಉರುಳುವುದೂ ಉಂಟು. ಆ ತೀರ್ಪನ್ನು ಕೊಡಬಲ್ಲವರಾದರೋ ಆ ನುಡಿಯನ್ನು ಹುಟ್ಟಿನಿಂದ ಆಡುವ ಸಾಮಾನ್ಯ ಜನ.

ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತವೊಂದಿದೆ. “ಅಜ್ಜಿ, ಮಗು ಮಲಗಿತು ಎಂದಳು” ಎಂಬ ನಮ್ಮ ವಾಕ್ಯವನ್ನು ನೋಡಿ. ಹೊರಗೆ ‘ಅಜ್ಜಿ—ಎಂದಳು’ ಎಂಬ ಜೋಡಿ, ಒಳಗೆ ‘ಮಗು—ಮಲಗಿತು’ ಎಂಬ ಜೋಡಿ. ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ಇಂಥ ಡಬ್ಬಿ ವ್ಯಾಕರಣದಿಂದ ಲೋಕದ ಎಲ್ಲ ಭಾಷೆಗಳ ವಾಕ್ಯಗಳನ್ನೂ ಕಟ್ಟಬಹುದೇ ಎಂಬ ಚರ್ಚೆ 1956ರಿಂದ ಸುಮಾರು ಮೂವತ್ತು ವರ್ಷ ನಡೆಯಿತು. 1985ರಲ್ಲಿ ಸ್ಟುವರ್ಟ್ ಶೀಬರ್ ಎಂಬ ವಿದ್ವಾಂಸರು ಸ್ವಿಸ್ ಜರ್ಮನ್ನಿನ ವಾಕ್ಯಗಳನ್ನು ಮುಂದಿಟ್ಟರು. ‘ಮಕ್ಕಳು ಹಾನ್ಸನಿಗೆ ಮನೆ ಬಳಿಯಲು ನೆರವಾಗುವಂತೆ ಬಿಟ್ಟೆವು’ ಎಂಬರ್ಥದ ಮಾತನ್ನು ಅವರು ‘ಮಕ್ಕಳನ್ನು, ಹಾನ್ಸನಿಗೆ, ಮನೆಯನ್ನು’ ಎಂದು ನಾಮಪದಗಳನ್ನು ಮೊದಲು ಸಾಲಾಗಿಟ್ಟು, ಆಮೇಲೆ ‘ಬಿಡು, ನೆರವಾಗು, ಬಳಿ’ ಎಂದು ಕ್ರಿಯಾಪದಗಳನ್ನು ಸಾಲಾಗಿಡುತ್ತಾರೆ. ಮದುವೆಯೂಟದ ಎದುರುಬದುರು ಪಂಕ್ತಿಯಂತೆ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಜೋಡಿ. ‘ನೆರವಾಗು’ ಎಂಬುದಕ್ಕೆ ಚತುರ್ಥಿ ವಿಭಕ್ತಿಯೇ ಬೇಕು. ತಪ್ಪಿಸಿದರೆ ಆ ಜನ ಒಪ್ಪುವುದಿಲ್ಲ. ಡಬ್ಬಿ ವ್ಯಾಕರಣ ಎಷ್ಟು ದೊಡ್ಡದಾದರೂ ಈ ಪಂಕ್ತಿಯನ್ನು ಹಿಡಿಯಲಾರದೆಂದು ಸಿದ್ಧವಾಯಿತು.

ಇಲ್ಲಿ ನಾವು ಗಮನಿಸಬೇಕಾದುದು ಒಂದು ಮಾತು. ಸ್ವಿಸ್ ಜರ್ಮನ್ ಮನೆಯ, ಸಂತೆಯ, ಗೆಳೆತನದ ಮಾತು. ಆ ಜನರ ಪತ್ರಿಕೆ ಪುಸ್ತಕಗಳು ಬಹುಮಟ್ಟಿಗೆ ಶಿಷ್ಟ ಜರ್ಮನ್ನಿನಲ್ಲಿವೆ. ಶಿಷ್ಟ ಜರ್ಮನ್ನಿನಲ್ಲಿ ಈ ಎದುರುಬದುರು ಜೋಡಣೆ ಇಲ್ಲ. ಗ್ರಂಥಗಳು ಕೊಡಲಾರದ ಸಾಕ್ಷಿಯನ್ನು ಮನೆಮಾತು ಕೊಟ್ಟಿತು. ಮುಂಬಯಿಯ ಚಾಳಿನಲ್ಲೋ ದಿಲ್ಲಿಯ ಕ್ವಾರ್ಟರ್ಸಿನಲ್ಲೋ ಹೊರಗೆ ಬೇರೆ ಭಾಷೆ, ಒಳಗೆ ಕನ್ನಡ ಎಂದು ಬಾಳುವ ನಮಗೆ ಇದು ಧೈರ್ಯ ಕೊಡುವ ಸಂಗತಿಯಲ್ಲವೆ?

ಆ ಪಂಕ್ತಿಯನ್ನು ಹಿಡಿಯಬಲ್ಲ ವ್ಯಾಕರಣವನ್ನು ಸಿದ್ಧಪಡಿಸಿದ್ದವರು ನಮ್ಮ ಕಡೆಯವರೇ. 1929ರಲ್ಲಿ ಪುಣೆಯಲ್ಲಿ ಹುಟ್ಟಿದ ಅರವಿಂದ ಜೋಶಿಯವರು ಪುಣೆಯಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ ಓದಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಚಿಕ್ಕ ಚಿಕ್ಕ ವಾಕ್ಯವೃಕ್ಷಗಳನ್ನು ಕಸಿ ಕಟ್ಟುವಂತೆ ಒಂದರೊಳಗೊಂದು ಸೇರಿಸುವ ಕ್ರಮವನ್ನು 1975ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದರು. 2002ರಲ್ಲಿ ಗಣಕ ಭಾಷಾಶಾಸ್ತ್ರ ಸಂಘ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ಮೊತ್ತಮೊದಲು ಕೊಟ್ಟದ್ದು ಅವರಿಗೇ. 2017ರ ಕೊನೆಯ ದಿನ ಅವರು ತೀರಿಕೊಂಡರು.

ಈ ಸಭೆಗಳು ನಾವಿರುವ ಊರುಗಳಿಗೂ ಬಂದಿವೆ. ಸಂಸ್ಕೃತ ಗಣಕ ಭಾಷಾಶಾಸ್ತ್ರದ ಗೋಷ್ಠಿ 2009ರಲ್ಲಿ ಹೈದರಾಬಾದಿನಲ್ಲಿ, 2010ರಲ್ಲಿ ದಿಲ್ಲಿಯಲ್ಲಿ ನಡೆಯಿತು. 2012ರ ಡಿಸೆಂಬರಿನಲ್ಲಿ ಕೋಲಿಂಗ್ ಸಮ್ಮೇಳನವೇ ಮುಂಬಯಿಯ ಪವಾಯಿ ಐಐಟಿಗೆ ಬಂತು. ಕನ್ನಡಕ್ಕೂ ಅಲ್ಲಲ್ಲಿ ಮಣೆ ಸಿಕ್ಕಿದೆ. ಕಾನ್ಪುರದ ಐಐಟಿಯಲ್ಲಿ ಪಾಣಿನಿಯ ಕಾರಕ ವಿಚಾರವನ್ನು ಹಿಡಿದು ಕೆಲಸ ಮಾಡಿದ ‘ಅನುಸಾರಕ’ ತಂಡ ಕನ್ನಡದಿಂದ ಹಿಂದಿಗೆ ಮಾತು ದಾಟಿಸುವ ಏರ್ಪಾಟು ಮಾಡಿತು. 2021ರಲ್ಲಿ ದ್ರಾವಿಡ ಭಾಷೆಗಳಿಗಾಗಿಯೇ ಒಂದು ಗೋಷ್ಠಿ, ಯುರೋಪಿನ ಸಮ್ಮೇಳನವೊಂದರ ಅಂಗವಾಗಿ, ಮೊದಲಾಯಿತು. 2023ರಲ್ಲಿ ಮದರಾಸು ಐಐಟಿಯ ವಿದ್ವಾಂಸರು ಕನ್ನಡವೂ ಸೇರಿದಂತೆ ಸಂವಿಧಾನದ 22 ಭಾಷೆಗಳಿಗೆ ಅನುವಾದಯಂತ್ರವನ್ನು ಸಾರ್ವಜನಿಕವಾಗಿ ಒದಗಿಸಿದರು.

ಇಂದು ಕೆಲಸದ ರೀತಿ ಬದಲಾಗಿದೆ. ಸೂತ್ರ ಬರೆದುಕೊಡುವುದಕ್ಕಿಂತ ಹೆಚ್ಚಾಗಿ, ಕೋಟಿಗಟ್ಟಲೆ ವಾಕ್ಯಗಳನ್ನು ಯಂತ್ರದ ಮುಂದೆ ಸುರಿದು ಅದರಿಂದಲೇ ಕಲಿಸುತ್ತಾರೆ. ಇಂಗ್ಲಿಷಿಗೆ ಇರುವ ಬರಹದ ರಾಶಿ ಕನ್ನಡಕ್ಕಿಲ್ಲ. ಇರುವುದರಲ್ಲಿಯೂ ಧಾರವಾಡದ ಮಾತು, ಕುಂದಾಪುರದ ಮಾತು, ನಮ್ಮಂಥ ಹೊರನಾಡಿಗರ ಮಾತು ಅಪರೂಪ. ಯಂತ್ರ ಕೇಳದ ಮಾತನ್ನು ಯಂತ್ರ ಅರಿಯದು. ನಾಳೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಯಂತ್ರದೊಡನೆಯೇ ಮಾತಾಡಬೇಕಾಗಿ ಬಂದಾಗ, ನಮ್ಮ ವೃದ್ಧರು ತಮ್ಮ ಊರಿನ ಕನ್ನಡದಲ್ಲಿ ಹೇಳಿದ್ದು ಅದಕ್ಕೆ ತಿಳಿಯದೆ ಹೋದರೆ ನಷ್ಟ ಯಾರದು? ಆಗ ಮಕ್ಕಳು, ಕನ್ನಡದಿಂದ ಕೆಲಸ ನಡೆಯುವುದಿಲ್ಲವೆಂದು ಬೇರೆ ಭಾಷೆಗೆ ಹೊರಳುವುದು ಸಹಜ.

ಮನೆಯ ಮಕ್ಕಳ ಕನ್ನಡಕ್ಕೂ ಶಾಸ್ತ್ರದಲ್ಲಿ ಬೆಲೆಯಿದೆ. ‘ಮಾಡು—ಮಾಡಿಸು’, ‘ಏರು—ಏರಿಸು’ ಎಂಬಲ್ಲಿನ ‘ಇಸು’ ಪ್ರತ್ಯಯವನ್ನು ಮೂರು ವರ್ಷದ ಕನ್ನಡ ಮಕ್ಕಳು ಹೇಗೆ ಅರ್ಥಮಾಡುತ್ತಾರೆಂದು ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಮಕ್ಕಳು ‘ಇಸು’ವಿಗಿಂತ ಹೆಚ್ಚಾಗಿ ವಾಕ್ಯದಲ್ಲಿ ನಾಮಪದಗಳು ಎಷ್ಟಿವೆ ಎಂಬುದನ್ನೇ ನಂಬಿದರಂತೆ. ಮಕ್ಕಳು ಭಾಷೆ ಕಲಿಯುವ ಬಗೆಯನ್ನು ಕುರಿತ ದೊಡ್ಡ ಚರ್ಚೆಯಲ್ಲಿ ಅದು ಇಂದಿಗೂ ಸಾಕ್ಷಿಯಾಗಿ ನಿಂತಿದೆ.

ಹಾಗಾದರೆ ನಾವು ಮಾಡಬಹುದಾದುದೇನು? ಭಾರತ ಸರಕಾರದ ‘ಭಾಷಿಣಿ’ ಯೋಜನೆ 2022ರಿಂದ ‘ಭಾಷಾದಾನ’ ಎಂಬ ಹೆಸರಿನಲ್ಲಿ ಜನರಿಂದ ದನಿಯನ್ನೂ ವಾಕ್ಯಗಳನ್ನೂ ಪಡೆಯಲು ಏರ್ಪಾಟು ಮಾಡಿದೆ. ಮನೆಯಲ್ಲಿಯೇ ಕುಳಿತು ಕೊಡಬಹುದು. ನಮ್ಮ ಸಂಘಗಳೂ ತಿಂಗಳಿಗೊಂದು ಸಂಜೆ ಹಿರಿಯರನ್ನು ಕೂಡಿಸಿ ಅವರವರ ಊರಿನ ಮಾತುಗಳನ್ನು ಧ್ವನಿಮುದ್ರಿಸಿ, ಯಾವುದನ್ನು ‘ಹೀಗೆ ಅಂತಾರೆ’, ಯಾವುದನ್ನು ‘ಹೀಗೆ ಅನ್ನೋದಿಲ್ಲ’ ಎಂದು ಬರೆದಿಡಬಹುದು. ವಿದ್ಯಾರ್ಥಿಯೊಬ್ಬರು ಬಂದು ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ ಎಂದು ಕೇಳಿದರೆ, ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿಕೊಳ್ಳದೆ ಮನೆಯಲ್ಲಿ ಆಡುವ ಹಾಗೆಯೇ ಹೇಳೋಣ. ಗಣಿತವನ್ನೂ ಕನ್ನಡವನ್ನೂ ಪ್ರೀತಿಸುವ ಮಕ್ಕಳು ನಮ್ಮಲ್ಲಿದ್ದರೆ ಇಂಥದೊಂದು ಶಾಸ್ತ್ರ ಉಂಟೆಂದು ಅವರಿಗೆ ತಿಳಿಸೋಣ. ಮುಂದಿನ ಸಭೆಗಳಲ್ಲಿ ಕನ್ನಡದ ವಾಕ್ಯಗಳನ್ನು ಹಿಡಿದು ನಿಲ್ಲುವವರು ನಮ್ಮ ಮನೆಗಳಿಂದಲೂ ಹೊರಡಲಿ.